ರಾಮಾನುಜನ್ ಓದಿದ ಎರಡು ಪುಸ್ತಕಗಳು

ಕುಂಭಕೋಣದ ಟೌನ್ ಹೈಸ್ಕೂಲಿನ ವಿದ್ಯಾರ್ಥಿಯಾಗಿದ್ದಾಗ ಶ್ರೀನಿವಾಸ ರಾಮಾನುಜನ್ ಅವರ ಕೈಗೆ ಎರಡು ಗಣಿತ ಪುಸ್ತಕಗಳು ಬಂದವು. ಮೊದಲನೆಯದು ಎಸ್. ಎಲ್. ಲೋನಿಯವರ ತ್ರಿಕೋನಮಿತಿ. ವಿವರಣೆ, ಸಾಧನೆಯ ಹಂತಗಳು, ಅಭ್ಯಾಸದ ಲೆಕ್ಕಗಳು ಎಲ್ಲವೂ ಇದ್ದ ಪಠ್ಯ. ಹದಿಮೂರರ ಹೊತ್ತಿಗೆ ಅದನ್ನು ಅರಗಿಸಿಕೊಂಡಿದ್ದರು.

ಎರಡನೆಯದು 1903ರಲ್ಲಿ ಸಿಕ್ಕಿದ ಜಿ. ಎಸ್. ಕಾರ್ ಅವರ ‘ಸಿನಾಪ್ಸಿಸ್’. ಕಾರ್ ಇಂಗ್ಲೆಂಡಿನಲ್ಲಿ ಪರೀಕ್ಷೆಗೆ ಪಾಠ ಹೇಳುತ್ತಿದ್ದವರು. ಒಮ್ಮೆ ಕಲಿತವರು ಮೆಲುಕು ಹಾಕಲೆಂದು ಸಾವಿರಾರು ಸೂತ್ರಗಳನ್ನು ಒಂದರ ಕೆಳಗೊಂದು ಜೋಡಿಸಿದ್ದರು. ಸಾಧನೆಗೆ ಅಲ್ಲಲ್ಲಿ ಒಂದು ಸುಳಿವು, ಅಷ್ಟೆ. ಇಂದಿನ ಮಾತಿನಲ್ಲಿ ಗೈಡ್ ಎನ್ನಬಹುದೇನೋ! ಶಾಲೆಯ ಗ್ರಂಥಾಲಯಕ್ಕೆ ಇಂಥದ್ದೂ ಬೇಕು ನಿಜ. ಆದರೆ ಹೊಸದಾಗಿ ಕಲಿಯುವ ಮಕ್ಕಳಿಗೆ ಮೊದಲು ಕೊಡಬೇಕಾದದ್ದು ಬಿಡಿಸಿ ಹೇಳುವ ಪುಸ್ತಕವನ್ನೇ.

ರಾಮಾನುಜನ್ ಮಾತ್ರ ಕಾರ್ ಅವರ ಸೂತ್ರಗಳನ್ನು ತಾವೇ ಸಾಧಿಸುತ್ತಾ, ಹೊಸವನ್ನೂ ಕಂಡುಕೊಳ್ಳುತ್ತಾ ಹೋದರು. ಆ ಗುಂಗಿನಲ್ಲಿ ಉಳಿದ ವಿಷಯಗಳು ಮೂಲೆ ಸೇರಿದವು. ಕಾಲೇಜಿನ ವಿದ್ಯಾರ್ಥಿವೇತನ ತಪ್ಪಿತು, ಎಫ್.ಎ. ಪರೀಕ್ಷೆಯಲ್ಲಿ ನಪಾಸಾದರು. ಬರವಣಿಗೆಗೂ ಕಾರ್ ಅವರದೇ ಅಚ್ಚು ಬಿದ್ದಿತ್ತು: 1913ರಲ್ಲಿ ಕೇಂಬ್ರಿಜ್‌ನ ಹಾರ್ಡಿಯವರಿಗೆ ಬರೆದ ಪತ್ರದ ತುಂಬ ಸೂತ್ರಗಳು, ಸಾಧನೆಗಳಿಲ್ಲ. ಬೆರಗಾದ ಹಾರ್ಡಿ ಉತ್ತರ ಬರೆದು ಕೇಳಿದ್ದು ಆ ಸಾಧನೆಗಳನ್ನೇ.