ಯೋಜನೆ ಯಾರ ಕಾಲಕ್ಕೆ? ಸ್ವಯಂಸೇವಾ ಸಂಸ್ಥೆಗಳ ಕಾರ್ಯತಂತ್ರ ಸಭೆಗಳ ಒಂದು ಸಮೀಕ್ಷೆ

ಆಡಳಿತ ಮಂಡಳಿಯ ಸದಸ್ಯರನ್ನೂ ಹಿರಿಯ ಕಾರ್ಯಕರ್ತರನ್ನೂ ಎರಡು ದಿನ ಒಂದೆಡೆ ಕೂಡಿಸಿ, ಹೊರಗಿನಿಂದ ಬಂದ ಸುಗಮಕಾರರ ನೆರವಿನಿಂದ ಮುಂದಿನ ಮೂರೋ ಐದೋ ವರ್ಷದ ದಾರಿ ಗೊತ್ತುಮಾಡಿಕೊಳ್ಳುವ ಪದ್ಧತಿ ಇವತ್ತು ರಾಯಚೂರಿನಂಥ ಜಿಲ್ಲೆಗಳ ಸ್ವಯಂಸೇವಾ ಸಂಸ್ಥೆಗಳಿಗೂ ಹೊಸದಲ್ಲ. ಆದರೆ ಅದರ ಬೆನ್ನಿಗೇ ಒಂದು ತಪ್ಪು ತಿಳಿವಳಿಕೆಯೂ ಬೇರೂರುತ್ತಿದೆ. 2014ರಲ್ಲಿ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಕಾನೂನು ಜಾರಿಗೆ ಬಂದು ಕಂಪನಿಗಳ ಹಣವೂ ನಿರ್ವಹಣಾ ತಜ್ಞರೂ ಬಂದ ಮೇಲಷ್ಟೇ ನಮ್ಮ ಸಂಸ್ಥೆಗಳು ಯೋಜನೆ ಮಾಡುವುದನ್ನು ಕಲಿತವು, ಅದಕ್ಕೂ ಮುಂಚೆ ಇದ್ದದ್ದು ಬರೀ ಸೇವಾಭಾವ ಎಂಬುದೇ ಆ ತಿಳಿವಳಿಕೆ. ನಡೆದದ್ದು ಹೀಗಲ್ಲ. ಕರ್ನಾಟಕದ ಹಳ್ಳಿಗಳಲ್ಲಿ 1980ರ ದಶಕದಿಂದ ಬೆಳೆದ ಯೋಜನಾ ಪರಂಪರೆ ಇಂದಿನ ಕಾರ್ಯಾಗಾರಗಳಿಗಿಂತ ಕಠಿಣವಾದ ಪ್ರಶ್ನೆಯನ್ನು ಕೇಳುತ್ತಿತ್ತು: ಯಾರ ಬದುಕಿನ ಲೆಕ್ಕಕ್ಕೆ ಈ ಯೋಜನೆ? ಆ ಪ್ರಶ್ನೆಯನ್ನು ಕೈಬಿಟ್ಟದ್ದೇ ಈಗಿನ ದೊಡ್ಡ ಕೊರತೆ.

ಮೊದಲ ಘಟ್ಟವನ್ನು ಬೇಗ ದಾಟಬಹುದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಕನಿಷ್ಠ ಏಳು ಜನ, ಒಂದು ಉದ್ದೇಶ ಪತ್ರ, ವರ್ಷಕ್ಕೊಂದು ಸಾಮಾನ್ಯ ಸಭೆ ಇಷ್ಟನ್ನು ಬಯಸಿತು. ಉದ್ದೇಶವನ್ನು ಕಾಲಕಾಲಕ್ಕೆ ಮರುವಿಮರ್ಶೆ ಮಾಡುವ ಕ್ರಮ ಅದರಲ್ಲಿರಲಿಲ್ಲ. ಕಾರ್ಯತಂತ್ರ ಎಂಬ ಶಾಸ್ತ್ರ ಅಮೆರಿಕದ ವಾಣಿಜ್ಯ ಶಾಲೆಗಳಲ್ಲಿ 1960ರ ದಶಕದಲ್ಲಿ ಬೆಳೆಯಿತು. ಅಮೆರಿಕ ಸರ್ಕಾರದ ನೆರವು ಸಂಸ್ಥೆಗಾಗಿ ರೂಪುಗೊಂಡ ‘ಲಾಗ್‌ಫ್ರೇಮ್’ ಕೋಷ್ಟಕ, 1980ರ ದಶಕದಲ್ಲಿ ಜರ್ಮನಿಯ ನೆರವು ಸಂಸ್ಥೆ ಜಿಟಿಝಡ್ ಬಳಕೆಗೆ ತಂದ ಬಣ್ಣದ ಚೀಟಿಗಳ ‘ಝಡ್‌ಒಪಿಪಿ’ ಕ್ರಮ ಎರಡೂ ದಾನಿ ಸಂಸ್ಥೆಗಳ ಅರ್ಜಿ ನಮೂನೆಗಳ ಮೂಲಕ ನಮ್ಮಲ್ಲಿಗೆ ಬಂದವು. ಸಾರ್ವಜನಿಕ ಹಾಗೂ ಲಾಭರಹಿತ ಸಂಸ್ಥೆಗಳಿಗೆಂದೇ ಜಾನ್ ಬ್ರೈಸನ್ ಬರೆದ ಕೈಪಿಡಿ 1988ರಲ್ಲಿ ಹೊರಬಂತು. 1994ರ ಹೊತ್ತಿಗೆ ನಿರ್ವಹಣಾ ಚಿಂತಕ ಹೆನ್ರಿ ಮಿಂಟ್ಸ್‌ಬರ್ಗ್, ಕಾಗದದ ಮೇಲಿನ ಯೋಜನೆಯೇ ಕಾರ್ಯತಂತ್ರವಲ್ಲ ಎಂದು ಒಂದು ದೊಡ್ಡ ಗ್ರಂಥದಲ್ಲಿ ವಾದಿಸಿದ್ದರು. ನಮ್ಮ ಸಂಸ್ಥೆಗಳು ಕೈಪಿಡಿಯನ್ನು ಒಪ್ಪಿಕೊಂಡಷ್ಟು ಸಲೀಸಾಗಿ ಈ ವಿಮರ್ಶೆಯನ್ನು ಒಪ್ಪಿಕೊಳ್ಳಲಿಲ್ಲ.

ಇದೇ ಕಾಲಕ್ಕೆ ಕರ್ನಾಟಕದಲ್ಲಿ ಬೇರೊಂದು ಶಾಲೆ ಬೆಳೆಯುತ್ತಿತ್ತು. 1968ರಲ್ಲಿ ಟಿಬೆಟಿಯನ್ ನಿರಾಶ್ರಿತರ ಪುನರ್ವಸತಿಗೆಂದು ಹುಟ್ಟಿದ ಮೈರಾಡ ಸಂಸ್ಥೆ, 1984–85ರಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದಾಗ ಒಂದು ಸಂಗತಿ ಗಮನಿಸಿತು: ಒಬ್ಬರನ್ನೊಬ್ಬರು ನಂಬುವ ಹದಿನೈದಿಪ್ಪತ್ತು ಜನರ ಸಣ್ಣ ಗುಂಪುಗಳು ಒಡೆಯದೆ ಉಳಿದಿದ್ದವು. ಆ ಗುಂಪುಗಳಿಗೆ 1987ರಲ್ಲಿ ನಬಾರ್ಡ್ 10 ಲಕ್ಷ ರೂಪಾಯಿ ನೆರವು ಕೊಟ್ಟಿತು. 1992ರ ಸ್ವಸಹಾಯ ಗುಂಪುಗಳ ಬ್ಯಾಂಕ್ ಜೋಡಣೆ ಕಾರ್ಯಕ್ರಮಕ್ಕೆ ಅಡಿಪಾಯ ಬಿದ್ದದ್ದು ಅಲ್ಲಿ. 1989ರ ನಂತರ ಬ್ರಿಟಿಷ್ ಅಭಿವೃದ್ಧಿ ವಿದ್ವಾಂಸ ರಾಬರ್ಟ್ ಚೇಂಬರ್ಸ್ ಅವರ ಒಡನಾಟದಲ್ಲಿ ಮೈರಾಡ, ಔಟ್‌ರೀಚ್ ಮುಂತಾದ ಸಂಸ್ಥೆಗಳು ಸಹಭಾಗಿ ಗ್ರಾಮ ಸಮೀಕ್ಷೆಯನ್ನು ಪಳಗಿಸಿದವು. ಅದರ ಕ್ರಮ ಸರಳ. ಊರವರೇ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಯುತ್ತಾರೆ: ಹಳ್ಳ, ಬೋರ್‌ವೆಲ್, ಗುಡಿ, ಊರಾಚೆಯ ಕೇರಿ. ಕೆಲಸ, ಸಾಲ, ಹಸಿವು, ಗುಳೆ ಇವನ್ನು ತಿಂಗಳವಾರು ಸಾಲಿನಲ್ಲಿ ಹುಣಸೆಬೀಜ ಇಟ್ಟು ತೋರಿಸುತ್ತಾರೆ. ಬರೆದದ್ದು ತಪ್ಪಾದರೆ ಪಕ್ಕದಲ್ಲಿ ನಿಂತವರು ಬಾಗಿ ಅಳಿಸುತ್ತಾರೆ, ಬೀಜ ಸರಿಸುತ್ತಾರೆ. ಚೀಟಿಯಲ್ಲಿ ಬರೆಯಲು ಅಕ್ಷರ ಬೇಕು; ಬೀಜ ಸರಿಸಲು ಬೇಡ. ಸುಗಮಕಾರರ ಕೆಲಸ ಗೆರೆ ಎಳೆಯುವ ಕೋಲನ್ನು ಊರವರ ಕೈಗೆ ಕೊಟ್ಟು ಹಿಂದೆ ಸರಿಯುವುದಾಗಿತ್ತು. 1989ರಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಕಾರ್ಯಕ್ರಮದ ಸಂಘಗಳು ಗುರಿಯನ್ನು ಮೇಲಿನಿಂದ ಹೊರಿಸದೆ ಹೆಂಗಸರೇ ಗೊತ್ತುಮಾಡಲಿ ಎಂದವು. ದೇವದುರ್ಗದಲ್ಲಿ ನೆಲೆಯೂರಿದ ‘ಸಮೂಹ’ ಸಂಸ್ಥೆ, ಮಾನ್ವಿ ಸೀಮೆಯ ಪೋತ್ನಾಳದ ದಲಿತ ಕೂಲಿ ಹೆಂಗಸರು ಕಟ್ಟಿದ ಜಾಗೃತ ಮಹಿಳಾ ಸಂಘಟನೆ ಇವೆರಡೂ ರಾಯಚೂರು ಸೀಮೆಯಲ್ಲಿ ಅದೇ ದಶಕಗಳ ನಂಬಿಕೆಯ ಫಲ. ಸಂಸ್ಥೆಯ ಯೋಜನೆ ಕೆಳಗಿನಿಂದ ಮೇಲಕ್ಕೆ ಬರಬೇಕು ಎಂಬ ಈ ನಂಬಿಕೆಯನ್ನು ನಿರ್ವಹಣಾ ಶಾಸ್ತ್ರದ ಬಾಲ್ಯಾವಸ್ಥೆ ಎಂದು ಕರೆಯುವುದು ಅನ್ಯಾಯ.

2000ದ ನಂತರ ಯೋಜನೆಯ ಭಾರ ಆಡಳಿತ ಮಂಡಳಿಯ ಕಡೆಗೆ ವಾಲಿತು. ಅದಕ್ಕೆ ಕಾರಣವೂ ಇತ್ತು. ಸ್ಥಾಪಕರಿಗೆ ವಯಸ್ಸಾಗುತ್ತಿತ್ತು, ವಿದೇಶಿ ದಾನಿಗಳು ದಕ್ಷಿಣ ಭಾರತ ಬಿಟ್ಟು ಹೊರಡುತ್ತಿದ್ದರು. 2018ರಲ್ಲಿ ರಾಯಚೂರು ಕೇಂದ್ರ ಸರ್ಕಾರದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿ ಸೇರಿ, ಸೂಚ್ಯಂಕಗಳೇ ಮಾತಿನ ಕೇಂದ್ರವಾದವು. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ (ಎಫ್‌ಸಿಆರ್‌ಎ) ಆದ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿತು, ಒಂದು ಸಂಸ್ಥೆ ಇನ್ನೊಂದಕ್ಕೆ ವಿದೇಶಿ ದೇಣಿಗೆ ದಾಟಿಸುವುದನ್ನೂ ನಿಲ್ಲಿಸಿತು. ತಾಲೂಕು ಮಟ್ಟದ ಸಣ್ಣ ಸಂಸ್ಥೆಗಳಿಗೆ ಬಿದ್ದ ಪೆಟ್ಟು ದೊಡ್ಡದು. ಹೀಗಾಗಿ ಮಂಡಳಿಗಳು ಕೂತು ಯೋಚಿಸಲೇಬೇಕಾಯಿತು. ತೊಂದರೆ ಇರುವುದು ಕೂಡುವ ರೀತಿಯಲ್ಲಿ. ಆರ್ಥಿಕ ವರ್ಷ ಮುಗಿಯುವ ಮುಂಚೆ ದಾಖಲೆ ಸಿದ್ಧವಾಗಬೇಕೆಂದು ಸಭೆ ಇಡುವುದು ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ. ದೇವದುರ್ಗದ ಒಣಬೇಸಾಯದ ಹಳ್ಳಿಗಳಲ್ಲಿ ಸುಗ್ಗಿ ಮುಗಿಸಿದ ಕೂಲಿ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋಗಿರುವುದೂ ಆಗಲೇ. ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರು ನೀರಿಗಾಗಿ ಪರದಾಡುವುದೂ ಬೇಸಿಗೆ ಬೆಳೆಯ ಈ ದಿನಗಳಲ್ಲೇ. ಯಾರಿಗಾಗಿ ಯೋಜನೆಯೋ ಅವರು ಊರಲ್ಲೇ ಇಲ್ಲದಾಗ ಬರೆದ ದಾಖಲೆಯಲ್ಲಿ ವಲಸೆ ಒಂದು ಸಾಲಾಗಿ ಉಳಿಯುತ್ತದೆ, ಶಾಲೆ ಬಿಟ್ಟ ಮಕ್ಕಳು ಒಂದು ಅಂಕಿಯಾಗಿ ಉಳಿಯುತ್ತಾರೆ.

ಈ ವಾದಕ್ಕೆ ಎರಡು ಆಕ್ಷೇಪಗಳಿವೆ, ಎರಡೂ ತೂಕದವು. ಮೊದಲನೆಯದು, ಕಾನೂನಿನ ಹೊಣೆ ಮಂಡಳಿಯದು. ಮುಂದಿನ ನಾಯಕತ್ವ, ಹಣದ ಕೊರತೆ, ಯಾವ ಕೆಲಸ ನಿಲ್ಲಿಸಬೇಕು ಎಂಬುದನ್ನೆಲ್ಲ ಊರ ಸಭೆಯಲ್ಲಿ ತೀರ್ಮಾನಿಸಲಾಗದು. ಒಪ್ಪತಕ್ಕ ಮಾತು. ಆ ಚರ್ಚೆಗೆ ಮುಚ್ಚಿದ ಕೋಣೆಯೂ ನುರಿತ ಸುಗಮಕಾರರೂ ಬೇಕು. ಸ್ಥಾಪಕರ ಎದುರು ಕಿರಿಯರು ಬಾಯಿ ಬಿಡದ ಮಂಡಳಿಗಳಲ್ಲಿ ಹೊರಗಿನವರ ಉಪಯೋಗ ನಿಜವಾದದ್ದು. ಆದರೆ ತೀರ್ಮಾನ ಯಾರದು ಎಂಬುದು ಒಂದು ಪ್ರಶ್ನೆ, ಯಾವುದರ ಮೇಲೆ ತೀರ್ಮಾನ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಈ ಜಿಲ್ಲೆಯ ಗುಂಜಹಳ್ಳಿಯಂಥ ಊರಿನ ಸಂಘದ ಸಭೆಯಿಂದ ಬರಬೇಕು, ಮಂಡಳಿ ಕೂಡುವ ಮುಂಚೆ ಬರಬೇಕು. ಎರಡನೆಯ ಆಕ್ಷೇಪ, ಸಹಭಾಗಿತ್ವವೂ ಶಾಸ್ತ್ರಕ್ಕೆ ಮಾಡುವ ಆಚರಣೆಯಾಯಿತು ಎಂಬುದು. 2001ರಲ್ಲಿ ಬಿಲ್ ಕುಕ್ ಮತ್ತು ಉಮಾ ಕೊಠಾರಿ ಸಂಪಾದಿಸಿದ ಗ್ರಂಥ ಇದನ್ನು ಕಟುವಾಗಿಯೇ ಹೇಳಿತು: ಊರಿನ ಬಲಾಢ್ಯರ ಮಾತೇ ಊರಿನ ಮಾತಾಗಿಬಿಡಬಹುದು. ನಿಜ. ಆದರೆ ಅದು ಕೇರಿಗೂ ಹೋಗಿ ಬೇರೆಯಾಗಿ ನಕ್ಷೆ ಬರೆಸಲು ಕಾರಣವಾಗಬೇಕೇ ಹೊರತು ನಕ್ಷೆಯನ್ನೇ ಕೈಬಿಡಲು ಅಲ್ಲ.

ಉಳಿದಿರುವ ಕೊರತೆಗಳು ಸ್ಪಷ್ಟ. ಮಂಡಳಿಯ ಸಭೆಯನ್ನು ಕನ್ನಡದಲ್ಲಿ, ಅದರಲ್ಲೂ ಈ ಸೀಮೆಯ ಕನ್ನಡದಲ್ಲಿ ನಡೆಸಬಲ್ಲ ಸುಗಮಕಾರರು ವಿರಳ. ದಾಖಲೆ ಇಂಗ್ಲಿಷಿನಲ್ಲಿ ಸಿದ್ಧವಾಗುತ್ತದೆ, ಅದನ್ನು ನಡೆಸಬೇಕಾದ ಕ್ಷೇತ್ರ ಕಾರ್ಯಕರ್ತೆಗೆ ಅದರ ಸಾರಾಂಶವೂ ಸಿಗುವುದಿಲ್ಲ. ಮೂರು ವರ್ಷದ ಯೋಜನೆ ಮೂರನೆಯ ವರ್ಷ ಏನಾಯಿತು ಎಂದು ಹಿಂತಿರುಗಿ ನೋಡುವ ರೂಢಿ ಇಲ್ಲ. ಸಂಘಗಳಿಂದ ಬೆಳೆದು ಬಂದ ಹೆಂಗಸರು ಮಂಡಳಿಯ ಕುರ್ಚಿಯಲ್ಲಿ ಕಾಣುವುದು ಅಪರೂಪ. ಇವು ಯಾವುವೂ ದೊಡ್ಡ ಹಣ ಬೇಡುವ ಕೆಲಸಗಳಲ್ಲ. ಈ ಜಿಲ್ಲೆಯ ಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟು: ಮುಂದಿನ ಕಾರ್ಯತಂತ್ರದ ಮಾತನ್ನು ಗುಳೆ ಹೋದವರು ಮುಂಗಾರಿಗೆ ಊರಿಗೆ ಮರಳಿದ ಮೇಲೆ ಆರಂಭಿಸಿ, ಮೊದಲು ಅವರ ಜೊತೆ, ಆಮೇಲೆ ನಿಮ್ಮ ನಿಮ್ಮಲ್ಲಿ. ದಾಖಲೆ ಕನ್ನಡದಲ್ಲಿರಲಿ.