ಉತ್ತರಕ್ಕೆ ಕಾಯುವ ಸಾಧನಗಳು: ಕನ್ನಡ ಶಾಲೆಯ ಇಂಗ್ಲಿಷ್ ಕಲಿಕೆಯಲ್ಲಿ ತಂತ್ರಜ್ಞಾನದ ನಡೆ

ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ದಾರಿ ಕವಲೊಡೆಯುವ ಹಂಗಳದಂತಹ ಹೋಬಳಿ ಕೇಂದ್ರದಲ್ಲಿ ಇಂಗ್ಲಿಷ್ ಕಣ್ಣಿಗೆ ಬೀಳದ ದಿನವಿಲ್ಲ. ಆದರೆ ಅಲ್ಲಿನ ಸರ್ಕಾರಿ ಶಾಲೆಯ ಮಗುವಿಗೆ ಆ ಭಾಷೆಯಲ್ಲಿ ಒಂದು ಮಾತು ಆಡಿ ಅದಕ್ಕೊಂದು ಮರುಮಾತು ಪಡೆಯುವ ಅವಕಾಶ ತರಗತಿಯ ಹೊರಗೆ ಬಹುಮಟ್ಟಿಗೆ ಇಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಇಂಗ್ಲಿಷನ್ನು ಒಂದನೆಯ ತರಗತಿಯಿಂದಲೇ ಒಂದು ಭಾಷೆಯಾಗಿ ಕಲಿಸಲು ಆರಂಭಿಸಿದಾಗ, ಸ್ವತಃ ಆ ಭಾಷೆಯನ್ನು ನಿತ್ಯ ಬಳಸದ ಶಿಕ್ಷಕರ ಮೇಲೆಯೇ ಈ ಹೊಣೆ ಬಿದ್ದಿತು. ಈ ಕೊರತೆಯನ್ನು ತುಂಬಲು ಬಂದವುಗಳೇ ಸಂವಾದಾತ್ಮಕ ಸಾಧನಗಳು, ಅಂದರೆ ಕಲಿಯುವವರು ಆಡಿದ್ದನ್ನೋ ಮಾಡಿದ್ದನ್ನೋ ಗಮನಿಸಿ ಅದಕ್ಕೆ ತಕ್ಕಂತೆ ತಮ್ಮ ಮುಂದಿನ ಹೆಜ್ಜೆಯನ್ನು ಬದಲಿಸುವ ಸಾಧನಗಳು. ಆ ಹೆಸರಿನಲ್ಲಿ ಶಾಲೆಗಳಿಗೆ ಬಂದವುಗಳಲ್ಲಿ ಎಷ್ಟು ನಿಜಕ್ಕೂ ಮಗುವಿನ ಉತ್ತರಕ್ಕೆ ಕಾದವು ಎಂಬುದೇ ಈ ಕ್ಷೇತ್ರದ ಇತಿಹಾಸವನ್ನು ಅಳೆಯಲು ಸರಿಯಾದ ಮಾನದಂಡ.

ಈ ಮಾನದಂಡವನ್ನು ಒದಗಿಸಿದ ಪ್ರಯೋಗದಲ್ಲಿ ಯಂತ್ರವೇ ಇರಲಿಲ್ಲ ಎಂಬುದು ಗಮನಾರ್ಹ. 1963ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯನ್ನು ನೆಲೆಯಾಗಿಸಿಕೊಂಡು, ಬ್ರಿಟಿಷ್ ಕೌನ್ಸಿಲ್‌ನ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ 'ಬೆಂಗಳೂರು ಯೋಜನೆ'ಯಲ್ಲಿ ವ್ಯಾಕರಣದ ಪಾಠವನ್ನು ಬದಿಗಿಟ್ಟು, ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಮೊದಲಾದವನ್ನು ಮುಂದಿಟ್ಟು, ಮಕ್ಕಳು ತಲೆ ಓಡಿಸಿ ಬಿಡಿಸಬೇಕಾದ ಸಮಸ್ಯೆಗಳನ್ನು ಕೊಡಲಾಯಿತು. ಮನಸ್ಸು ಅರ್ಥದ ಮೇಲೆ ನೆಟ್ಟಾಗ ಭಾಷೆಯ ರೂಪ ತಾನಾಗಿ ಒಳಗಿಳಿಯುತ್ತದೆ ಎಂಬ ಈ ವಿಚಾರ ಮುಂದೆ ಕಾರ್ಯಾಧಾರಿತ ಬೋಧನೆ ಎಂದು ಜಗತ್ತಿನಾದ್ಯಂತ ಹೆಸರಾಯಿತು. ಪ್ರಭು ಅವರು 1987ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ಕರಿಹಲಗೆ, ಸೀಮೆಸುಣ್ಣಗಳಿಂದಲೇ ಸಾಧ್ಯವಾದ ಈ ಸಂವಾದದ ಮಟ್ಟವನ್ನು ಆಮೇಲೆ ಬಂದ ಅನೇಕ ದುಬಾರಿ ಉಪಕರಣಗಳು ಮುಟ್ಟಲಿಲ್ಲ.

ಕಂಪ್ಯೂಟರಿನ ಮೂಲಕ ಭಾಷೆ ಕಲಿಸುವ ಪ್ರಯತ್ನದ ಬೇರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಆರಂಭವಾದ ಪ್ಲೇಟೋ ವ್ಯವಸ್ಥೆಯವರೆಗೂ ಹೋಗುತ್ತದೆ. ಬಡ ದೇಶಗಳ ಹಳ್ಳಿಗಳಿಗೆ ಮೊದಲು ತಲುಪಿದ್ದಾದರೂ ಕಂಪ್ಯೂಟರ್ ಅಲ್ಲ, ರೇಡಿಯೊ. ನಿಕರಾಗುವಾದಲ್ಲಿ ಗಣಿತಕ್ಕೆಂದು ರೂಪುಗೊಂಡು, 1980ರ ದಶಕದ ಆರಂಭದಲ್ಲಿ ಕೆನ್ಯಾದಲ್ಲಿ ಇಂಗ್ಲಿಷ್ ಬೋಧನೆಗೆ ಒಗ್ಗಿಸಲಾದ ಸಂವಾದಾತ್ಮಕ ರೇಡಿಯೊ ಪಾಠದ ಜೀವ ಇದ್ದದ್ದು ಅದರ ಮೌನದಲ್ಲಿ: ಪ್ರಶ್ನೆ ಕೇಳಿದ ದನಿ ಕೆಲವು ಕ್ಷಣ ನಿಲ್ಲುತ್ತದೆ, ತರಗತಿ ಒಟ್ಟಾಗಿ ಉತ್ತರಿಸುತ್ತದೆ, ಬಳಿಕ ದನಿ ಸರಿಯುತ್ತರವನ್ನು ಹೇಳುತ್ತದೆ. ರೇಡಿಯೊಗೆ ಕಿವಿಯಿಲ್ಲ, ಮಕ್ಕಳ ಉತ್ತರವನ್ನು ಕೇಳಿಸಿಕೊಳ್ಳಬೇಕಾದವರು ಪಕ್ಕದಲ್ಲಿ ನಿಂತ ಶಿಕ್ಷಕರೇ. ಕರ್ನಾಟಕದಲ್ಲಿ ಆಕಾಶವಾಣಿಯ ಮೂಲಕ ಪ್ರಸಾರವಾದ 'ಕೇಳಿ ಕಲಿ', 'ಚಿಣ್ಣರ ಚುಕ್ಕಿ' ಕಾರ್ಯಕ್ರಮಗಳು ಶಾಲೆಯ ಬೇರೆ ಬೇರೆ ಪಾಠಗಳಿಗಾಗಿ ರೇಡಿಯೊವನ್ನು ತರಗತಿಯೊಳಕ್ಕೆ ತಂದವು.

ಗುಂಡ್ಲುಪೇಟೆ ಇರುವ ಚಾಮರಾಜನಗರ ಜಿಲ್ಲೆಗೆ ಈ ಇತಿಹಾಸದಲ್ಲಿ ತನ್ನದೇ ಸ್ಥಾನವಿದೆ. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಹಾರಿದ, ಶಿಕ್ಷಣಕ್ಕಾಗಿಯೇ ಮೀಸಲಾದ ಎಜುಸ್ಯಾಟ್ ಉಪಗ್ರಹವನ್ನು ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ ಬಳಸಿ ನೋಡಲು ಆಯ್ಕೆಯಾದದ್ದು ಇದೇ ಜಿಲ್ಲೆ. ಇಲ್ಲಿನ 800ಕ್ಕೂ ಹೆಚ್ಚು ಶಾಲೆಗಳಿಗೆ ಡಿಶ್ ಆಂಟೆನಾ ಮತ್ತು ಟಿ.ವಿ. ಬಂದವು. ಆದರೆ ಎಜುಸ್ಯಾಟ್ ಜಾಲದಲ್ಲಿ ಎರಡು ಬಗೆಯ ಕೇಂದ್ರಗಳಿದ್ದವು: ಪ್ರಶ್ನೆಯನ್ನು ಹಿಂದಕ್ಕೆ ಕಳುಹಿಸಬಲ್ಲವು ಮತ್ತು ಬಂದದ್ದನ್ನು ತೋರಿಸಲಷ್ಟೇ ಶಕ್ತವಾದವು. ಪ್ರಾಥಮಿಕ ಶಾಲೆಗೆ ದಕ್ಕಿದ್ದು ಎರಡನೆಯದು. ದೂರದ ಸ್ಟುಡಿಯೊದ ಪಾಠ ಅಚ್ಚುಕಟ್ಟಾಗಿದ್ದರೂ, ಮಗು ತಪ್ಪಾಗಿ ಉಚ್ಚರಿಸಿದರೆ ಪರದೆ ತನ್ನ ಪಾಡಿಗೆ ಮುಂದೆ ಸಾಗುತ್ತಿತ್ತು. ಮಾತಾಡಿಯೇ ಕಲಿಯಬೇಕಾದ ವಿಷಯಕ್ಕೆ ಇದು ದೊಡ್ಡ ಕೊರತೆ. 2010ರಲ್ಲಿ ಉಪಗ್ರಹದ ಸೇವೆ ಕೊನೆಗೊಂಡಿತು.

ಇದೇ ಅವಧಿಯಲ್ಲಿ ಕಂಪ್ಯೂಟರುಗಳೂ ಬಂದವು. 2001-02ರಲ್ಲಿ ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆಂದು ಆರಂಭವಾದ ಮಾಹಿತಿ ಸಿಂಧು ಯೋಜನೆ, ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಆಟದ ರೂಪದ ಸಿ.ಡಿ.ಗಳೊಂದಿಗೆ ಬೆಂಬಲಿಸಿದ ಗಣಕಾಧಾರಿತ ಕಲಿಕಾ ಕೇಂದ್ರಗಳು ಅವುಗಳಲ್ಲಿ ಮುಖ್ಯ. ಎಲ್ಲೆಡೆ ಎದುರಾದ ಕಷ್ಟ ಒಂದೇ: ಒಂದು ಕಂಪ್ಯೂಟರಿನ ಮುಂದೆ ನಾಲ್ಕೈದು ಮಕ್ಕಳು, ಮೌಸ್ ಮಾತ್ರ ಯಾವಾಗಲೂ ಚುರುಕಾದ ಒಬ್ಬನ ಕೈಯಲ್ಲಿ. 2005ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಉದಯ್ ಸಿಂಗ್ ಪವಾರ್, ಜೊಯೊಜೀತ್ ಪಾಲ್, ಕೆಂಟಾರೊ ತೊಯಾಮ ಮೊದಲಾದವರು ಇದಕ್ಕೆ ಸೂಚಿಸಿದ ಪರಿಹಾರ ಸರಳತೆಯಿಂದಲೇ ಬೆರಗು ಹುಟ್ಟಿಸುತ್ತದೆ. ಒಂದೇ ಕಂಪ್ಯೂಟರಿಗೆ ಹಲವು ಮೌಸ್ ಜೋಡಿಸಿ, ಒಂದೊಂದು ಮಗುವಿಗೂ ಪರದೆಯ ಮೇಲೆ ಬೇರೆ ಬೇರೆ ಬಣ್ಣದ ಬಾಣದ ಗುರುತು ಕೊಟ್ಟರು. ಸರ್ಕಾರಿ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಪದಗಳನ್ನು ಕಲಿಸುತ್ತಲೇ ಇದನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಂತ್ರವನ್ನು ಹೀಗೆ ಹಂಚಿಕೊಂಡವರೂ ಒಬ್ಬೊಬ್ಬರೇ ಕುಳಿತವರಷ್ಟೇ ಪದಗಳನ್ನು ನೆನಪಿಟ್ಟುಕೊಳ್ಳಬಲ್ಲರು. ಪೈಪೋಟಿಯ ಆಟದಲ್ಲಿ ಮಾತ್ರ ಹುಡುಗರು ಪದವನ್ನು ಓದದೆ ಮೊದಲು ಒತ್ತುವ ಆತುರಕ್ಕೆ ಬಿದ್ದು ಹಿಂದುಳಿದರು. ಎಲ್ಲರೂ ಒಪ್ಪಿ ಒತ್ತಿದರೆ ಮಾತ್ರ ಮುಂದಿನ ಪದ ಬರುವ ಆಟದಲ್ಲಿ ಮಕ್ಕಳು ತಮ್ಮತಮ್ಮಲ್ಲೇ ಚರ್ಚಿಸಬೇಕಾಯಿತು. ಪರದೆಯ ಮುಂದೆ ಹುಟ್ಟಿದ ಈ ಮಾತುಕತೆಗೆ ಸಿಗಬೇಕಾದಷ್ಟು ಮನ್ನಣೆ ಸಿಗದೇ ಹೋದದ್ದು ವಿಷಾದದ ಸಂಗತಿ. ತಂತ್ರಜ್ಞಾನ ಇರುವ ಶಕ್ತಿಯನ್ನು ಹಿಗ್ಗಿಸಬಲ್ಲದೇ ಹೊರತು ಇಲ್ಲದ್ದನ್ನು ತಂದುಕೊಡದು ಎಂಬ ನಿಲುವಿಗೆ ತೊಯಾಮ ಅವರು ಮುಂದೆ ಬಂದದ್ದರ ಹಿಂದೆ ಇಂತಹ ಶಾಲೆಗಳ ಅನುಭವವೂ ಇದೆ.

ಆಮೇಲಿನದು ಮೊಬೈಲಿನ ಕಾಲ. ಬಾಂಗ್ಲಾದೇಶದಲ್ಲಿ 2009ರಲ್ಲಿ ಆರಂಭವಾದ ಬಿ.ಬಿ.ಸಿ. ಜಾನಾಲಾ ಸಾಮಾನ್ಯ ಫೋನಿನಲ್ಲೇ ಮೂರು ನಿಮಿಷದ ಪಾಠ ಕೇಳಿಸಿತು. ಸಂಶೋಧಕ ಮ್ಯಾಥ್ಯೂ ಕ್ಯಾಮ್ ಅವರ ತಂಡ ಭಾರತದ ಹಳ್ಳಿ ಮಕ್ಕಳ ಸಾಂಪ್ರದಾಯಿಕ ಆಟಗಳನ್ನು ಅಭ್ಯಸಿಸಿ, ಅವುಗಳ ಮಾದರಿಯಲ್ಲೇ ಇಂಗ್ಲಿಷ್ ಕಲಿಸುವ ಮೊಬೈಲ್ ಆಟಗಳನ್ನು ರೂಪಿಸಿತು. ಕರ್ನಾಟಕದಲ್ಲಿ 2015ರಲ್ಲಿ ಬೆಂಗಳೂರಿನ ಪ್ರಥಮ್ ಬುಕ್ಸ್ ತೆರೆದ ಸ್ಟೋರಿವೀವರ್ ತಾಣದಿಂದ ಒಂದೇ ಕಥೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಓದುವುದು ಸಾಧ್ಯವಾಯಿತು. 2017ರಲ್ಲಿ ಬಂದ ದೀಕ್ಷಾ ಎಂಬ ಡಿಜಿಟಲ್ ಕಲಿಕಾ ವೇದಿಕೆಯ ಕ್ಯೂಆರ್ ಸಂಕೇತಗಳು ಪಠ್ಯಪುಸ್ತಕದ ಪುಟಗಳಿಗೇ ಸೇರಿದವು. ಐಟಿ ಫಾರ್ ಚೇಂಜ್ ಸಂಸ್ಥೆಯ ಸಹಯೋಗದಲ್ಲಿ ಬೆಳೆದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಯೋಜನೆ ಶಿಕ್ಷಕರನ್ನೇ ಪಾಠ ಸಿದ್ಧಪಡಿಸುವವರನ್ನಾಗಿ ಕಂಡಿತು. ಕರ್ನಾಟಕದ ಶಾಲೆಗಳಿಗೆ ಬಂದ ಈ ಮೂರರಲ್ಲಿ ಹೆಚ್ಚು ದೂರದೃಷ್ಟಿಯದು ಇದೇ.

ಸಾಧನ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಕೋವಿಡ್ ಬಯಲಿಗೆಳೆಯಿತು. ಶಾಲೆಗಳು ಮುಚ್ಚಿದ್ದ 2020ರಲ್ಲಿ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಪ್ರಸಾರವಾದವು. ಅದೇ ವರ್ಷ ಆರಂಭವಾದ ವಿದ್ಯಾಗಮ ಯೋಜನೆ ಮಕ್ಕಳನ್ನು ಯಾವ ಸಾಧನವೂ ಇಲ್ಲದವರು, ಸಾದಾ ಮೊಬೈಲ್ ಇರುವವರು, ಇಂಟರ್ನೆಟ್ ಸಹಿತ ಸ್ಮಾರ್ಟ್‌ಫೋನ್ ಇರುವವರು ಎಂದು ಮೂರಾಗಿ ವಿಂಗಡಿಸಿ, ಶಿಕ್ಷಕರನ್ನು ಮಕ್ಕಳಿರುವ ಊರು, ಓಣಿಗಳಿಗೇ ಕಳುಹಿಸಿತು.

ಈಗಿನ ಹಂತದ ಮುಖ್ಯ ಬೆಳವಣಿಗೆ ಧ್ವನಿ ಗುರುತಿಸುವಿಕೆ, ಅಂದರೆ ಆಡಿದ ಮಾತನ್ನು ಯಂತ್ರ ಅಕ್ಷರವಾಗಿ ಗ್ರಹಿಸುವ ತಂತ್ರ. 2019ರಲ್ಲಿ ಭಾರತದಲ್ಲಿ 'ಬೋಲೊ' ಎಂದು ಬಿಡುಗಡೆಯಾಗಿ ಬಳಿಕ 'ರೀಡ್ ಅಲಾಂಗ್' ಎನಿಸಿಕೊಂಡ ಗೂಗಲ್ ಆ್ಯಪ್‌ನಲ್ಲಿ ಮಗು ಗಟ್ಟಿಯಾಗಿ ಓದಿದಾಗ ದಿಯಾ ಎಂಬ ಪಾತ್ರ ಆಲಿಸಿ, ತೊಡರಿದ ಪದವನ್ನು ಹೇಳಿಕೊಟ್ಟು, ಸರಿ ಓದಿದ್ದಕ್ಕೆ ನಕ್ಷತ್ರ ಕೊಡುತ್ತದೆ. ಕಥೆಗಳನ್ನು ಮೊದಲೇ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಇದು ನಡೆಯುವುದರಿಂದ, ಸಿಗ್ನಲ್ ಕೈಕೊಡುವ ಕಾಡಂಚಿನ ಊರುಗಳಿಗೆ ಹೊಂದಬಲ್ಲದು. ಎಜುಸ್ಯಾಟ್‌ಗೆ ಇಲ್ಲದಿದ್ದ ಕಿವಿ ಇಲ್ಲಿ ಸಿಕ್ಕಿದೆ. ಆದರೆ ಆ ಕಿವಿ ಯಾರ ಉಚ್ಚಾರಣೆಗೆ ಪಳಗಿದೆ ಎಂಬುದನ್ನು ಕೇಳಲೇಬೇಕು. ಕನ್ನಡದ ಮಗು 'ಎಗ್' ಎನ್ನುವಲ್ಲಿ 'ಯೆಗ್', 'ಓನ್ಲಿ' ಎನ್ನುವಲ್ಲಿ 'ವೋನ್ಲಿ', 'ಸ್ಕೂಲ್' ಎನ್ನುವಲ್ಲಿ 'ಇಸ್ಕೂಲ್' ಎನ್ನುವುದು ಮನೆಮಾತಿನ ಸಹಜ ಪ್ರಭಾವ. ತರಗತಿಯ ಶಿಕ್ಷಕರಿಗೆ ಅದರ ಮೂಲ ಗೊತ್ತಿರುತ್ತದೆ. ಗುಂಡ್ಲುಪೇಟೆ ತಾಲ್ಲೂಕಿನ ಸೋಲಿಗ, ಜೇನುಕುರುಬ ಹಾಡಿಗಳ ಮಕ್ಕಳಿಗಂತೂ ಶಾಲೆಯ ಕನ್ನಡವೇ ಮನೆಮಾತಿಗಿಂತ ಬೇರೆಯಾಗಿದ್ದು, ಇಂಗ್ಲಿಷ್ ಅದರಾಚೆಗಿನ ಭಾಷೆ. ಭಾರತೀಯ ಭಾಷೆಗಳಿಗಾಗಿ ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಭಾಷಿಣಿಯಂತಹ ಯೋಜನೆಗಳು ಧ್ವನಿಯ ಮಾದರಿಗಳನ್ನು ಕಲೆಹಾಕುವಾಗ ಹಾಡಿಯ ಮಕ್ಕಳು ಓದಿದ ಇಂಗ್ಲಿಷನ್ನೂ, ಹೆತ್ತವರ ಒಪ್ಪಿಗೆಯೊಂದಿಗೆ, ಸೇರಿಸಿಕೊಳ್ಳುವುದು ಈ ಕ್ಷೇತ್ರದಲ್ಲಿ ಮೊದಲು ಆಗಬೇಕಾದ ಕೆಲಸ.