ಎರಡಾಣೆಯ ಬಂಡವಾಳ

ಸಣ್ಣದೊಂದು ವ್ಯಾಪಾರ ಹೂಡಬೇಕೆನ್ನುವವರಿಗೆ ಈಗ ಯಾರನ್ನು ಕೇಳಿದರೂ ಸಿಗುವ ಮೊದಲ ಬುದ್ಧಿಮಾತು ಒಂದೇ: ಪ್ರಾಜೆಕ್ಟ್ ರಿಪೋರ್ಟ್ ಮಾಡಿಸಿ. ಬ್ಯಾಂಕಿನ ನೌಕರಿಯಲ್ಲಿ ನಾನು ಅವನ್ನು ಕಟ್ಟುಗಟ್ಟಲೆ ಓದಿದ್ದೇನೆ. ಬಹುಪಾಲು ಒಂದೇ ಟೈಪಿಂಗ್ ಅಂಗಡಿಯ ಸರಕು. ಕೋಳಿ ಸಾಕುವವನ ರಿಪೋರ್ಟಿನಲ್ಲಿ ಹಿಂದಿನ ಗಿರಾಕಿಯ ಬೇಕರಿ ಓವನ್ನು ಹಾಗೆಯೇ ಉಳಿದಿರುತ್ತಿತ್ತು. ಮೊದಲ ವರ್ಷ ಸ್ವಲ್ಪ ನಷ್ಟ, ಎರಡನೇ ವರ್ಷ ಸರಿಸಮ, ಮೂರನೇ ವರ್ಷದಿಂದ ಎಲ್ಲರಿಗೂ ಲಾಭವೋ ಲಾಭ. ಅವಿಭಜಿತ ದಕ್ಷಿಣ ಕನ್ನಡದ ವ್ಯಾಪಾರದ ಚರಿತ್ರೆ ಅಷ್ಟಿಷ್ಟು ಗೊತ್ತಿದ್ದವರಿಗೆ ಇದನ್ನು ಓದುವಾಗ ನಗು ಬಾರದಿರದು. ಇಲ್ಲಿಯವರು ಊರೂರಿಗೆ ಹೋಗಿ ಹೋಟೆಲು ಇಟ್ಟದ್ದು ಇಂಥ ಕಾಗದ ಕೈಯಲ್ಲಿ ಹಿಡಿದಲ್ಲ.

ಹೋಟೆಲಿನವರ ಯೋಜನೆ ತಯಾರಾಗುತ್ತಿದ್ದದ್ದು ಇನ್ನೊಬ್ಬರ ಅಡುಗೆಮನೆಯಲ್ಲಿ. ಮಾಣಿಯಾಗಿ ಸೇರಿದವನು ಮೊದಲು ಲೋಟ ತೊಳೆಯಬೇಕು. ಆಮೇಲೆ ಕಡೆಯುವ ಕಲ್ಲಿನ ಮುಂದೆ ಕೂರಬೇಕು, ಆಮೇಲೆ ಸಪ್ಲೈ, ಆಮೇಲೆ ಭಟ್ಟರ ಜೊತೆ ಒಲೆ. ನಂಬಿಕೆ ಬಂದ ಮೇಲೆ ತರಕಾರಿ ಮಾರುಕಟ್ಟೆಗೆ ಚೀಲ ಹಿಡಿದು ಹೋಗುವ ಕೆಲಸ. ಗಲ್ಲಾದಲ್ಲಿ ಕೂರುವ ಹೊತ್ತಿಗೆ ಅವನಿಗೆ ಒಂದು ಸೇರು ಅಕ್ಕಿಗೆ ಎಷ್ಟು ದೋಸೆ ಎದ್ದರೆ ಗಿಟ್ಟುತ್ತದೆ, ಸೌದೆಯ ಖರ್ಚು ಎಷ್ಟು, ಉಳಿದ ಚಟ್ನಿಯಲ್ಲಿ ಎಷ್ಟು ನಷ್ಟ, ಯಾವ ಗಿರಾಕಿಗೆ ಉದ್ರಿ ಕೊಡಬಾರದು ಎಂಬುದೆಲ್ಲ ಬಾಯಿಪಾಠ. ಇದಕ್ಕಿಂತ ಒಳ್ಳೆಯ ರಿಪೋರ್ಟನ್ನು ನಾನಂತೂ ಕಂಡಿಲ್ಲ.

ಕಡಂದಲೆಯ ಕೆ. ಕೃಷ್ಣ ರಾಯರು ಮದರಾಸಿಗೆ ಹೋಗಿ ಸೇರಿದ್ದು ಹೀಗೆ ಅಡುಗೆಮನೆಯ ಕೆಲಸಕ್ಕೇ. ಮೊದಲ ಹೋಟೆಲನ್ನು ಕೊಂಡದ್ದು ಕಂತಿನ ಮೇಲೆ. ರಾಯಪೇಟೆಯಲ್ಲಿ ರಾಮನಾಡಿನ ರಾಜರ ಬಂಗಲೆಯನ್ನು ಹಿಡಿದು ಅವರು ವುಡ್‌ಲ್ಯಾಂಡ್ಸ್ ತೆರೆದದ್ದು 1938ರಲ್ಲಿ. ಕೋಟದ ಹತ್ತಿರದ ಪಾರಂಪಳ್ಳಿಯ ಮಯ್ಯ ಸಹೋದರರೂ ಬೆಂಗಳೂರಿನಲ್ಲಿ ಮೊದಲು ದೊಡ್ಡವರ ಮನೆಗಳಲ್ಲಿ ಅಡುಗೆ ಮಾಡಿದವರೇ. ಲಾಲ್‌ಬಾಗ್ ಫೋರ್ಟ್ ರಸ್ತೆಯಲ್ಲಿ 1924ರಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ ಶುರುವಾಗುವಾಗ ಅವರ ಬೆನ್ನಿಗೆ ನಿಂತದ್ದು ಕೆಲಸಕ್ಕಿಟ್ಟುಕೊಂಡಿದ್ದ ಯಜಮಾನರು. ಅದೇ ಮುಂದೆ ಎಂ.ಟಿ.ಆರ್. ಆಯಿತು.

ಈ ಕಥೆಗಳನ್ನು ನಮ್ಮವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಾನೂ ಹೇಳುತ್ತೇನೆ. ಆದರೆ ಕಾಫಿ ಕ್ಲಬ್ಬಿನ ಹೆಸರಿನಲ್ಲೇ ಒಂದು ಸಂಗತಿ ಇದೆಯಲ್ಲ, ಅದನ್ನು ದಾಟಿ ಹೋಗುವಂತಿಲ್ಲ. ಆ ಅಡುಗೆಮನೆಯ ಶಾಲೆಗೆ ಸೇರಲು ಜಾತಿ ಬೇಕಿತ್ತು. ಮಗ್ಗದ ಮುಂದೆ ಕೂತವನಿಗೆ, ಮೀನಿನ ಬುಟ್ಟಿ ಹೊತ್ತವಳಿಗೆ, ಬಟ್ಟೆ ಹೊಲಿಯುವವನಿಗೆ ಆ ಬಾಗಿಲು ಇರಲಿಲ್ಲ. ಅವರ ಬಂಡವಾಳದ ಚರಿತ್ರೆ ಬೇರೆಯೇ. ನನಗೆ ಹೆಚ್ಚು ಪ್ರಿಯವಾದದ್ದೂ ಅದೇ.

ಒಂದೇ ಜಿಲ್ಲೆಯಲ್ಲಿ ಇಪ್ಪತ್ತಾರು ವರ್ಷಗಳೊಳಗೆ ಐದು ಬ್ಯಾಂಕುಗಳು ಹುಟ್ಟಿ ದೇಶದ ತುಂಬ ಬೆಳೆದದ್ದು ಎಲ್ಲರಿಗೂ ಗೊತ್ತಿರುವ ಮಾತು. ಅವೂ ಆರಂಭದಲ್ಲಿ ಸಣ್ಣ ವ್ಯಾಪಾರಗಳೇ ಎಂಬುದನ್ನು ಮಾತ್ರ ಮರೆಯುತ್ತೇವೆ. ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ 1906ರ ಮಾರ್ಚ್ 12ರಂದು ಆರಂಭಿಸಿದ, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆಗೆ ಮೊದಲ ದಿನ ಬಂದ ಹಣ 38 ರೂಪಾಯಿ 13 ಆಣೆ 2 ಪೈ. ಈಗಿನ ಯಾವ ಸಲಹೆಗಾರನಾದರೂ ಈ ಅಂಕಿ ನೋಡಿ ಅಂಗಡಿ ಮುಚ್ಚಿ ಎನ್ನುತ್ತಿದ್ದ. ಅದೇ ವರ್ಷ ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್, ಅಂದರೆ ಮುಂದಿನ ಕೆನರಾ ಬ್ಯಾಂಕ್, ಕಟ್ಟಿದರು.

ಉಡುಪಿಯಲ್ಲೇ 1925ರಲ್ಲಿ ಮೂವರು ಸೇರಿದರು. ಉಪೇಂದ್ರ ಪೈ ವ್ಯಾಪಾರಿ, ವಾಮನ ಕುಡ್ವ ಎಂಜಿನಿಯರ್, ಟಿ.ಎಂ.ಎ. ಪೈ ವೈದ್ಯರು. ಕೈಮಗ್ಗದ ನೇಕಾರರು ಆಗ ತೀರಾ ಕಷ್ಟದಲ್ಲಿದ್ದರು. ಅವರಿಗೆ ಆಸರೆಯಾಗಲೆಂದು 8,000 ರೂಪಾಯಿ ಬಂಡವಾಳದಲ್ಲಿ ಶುರುವಾದದ್ದು ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಮುಂದಿನ ಸಿಂಡಿಕೇಟ್ ಬ್ಯಾಂಕ್. ಬಡವರಿಗೆ ಸಾಲ ಕೊಡಲು ದುಡ್ಡು ಬೇಕು, ಆ ದುಡ್ಡು ಬಡವರ ಬಳಿಯಿಂದಲೇ ಬರಬೇಕು, ಬಡವರೋ ಬ್ಯಾಂಕಿನ ಮೆಟ್ಟಿಲು ಹತ್ತುವವರಲ್ಲ. 1928ರಲ್ಲಿ ಬ್ಯಾಂಕೇ ಮೆಟ್ಟಿಲಿಳಿಯಿತು. ದಿನಕ್ಕೆ ಎರಡಾಣೆಯಾದರೂ ಸಾಕು, ಮನೆ ಬಾಗಿಲಿಗೆ ಬಂದು ಒಯ್ಯುತ್ತೇವೆ ಎಂದಿತು. ಅದೇ ಪಿಗ್ಮಿ.

ಲೆಕ್ಕ ಹಾಕಿ ನೋಡಿ. ದಿನ ತಪ್ಪದೆ ಎರಡಾಣೆ ಕಟ್ಟಿದರೆ ವರ್ಷಕ್ಕೆ 45 ರೂಪಾಯಿ 10 ಆಣೆ. ಬಡ್ಡಿ ಬೇರೆ. ಮನೆಯಲ್ಲಿ ಮಡಕೆಯೊಳಗಿಟ್ಟರೆ ಇಷ್ಟು ಹಣ ಒಟ್ಟಾಗುವ ಮೊದಲೇ ಮದುವೆಗೋ ಔಷಧಿಗೋ ಕರಗಿ ಹೋಗುತ್ತಿತ್ತು. ಚೀಟಿಗೆ ಹಾಕಿದರೆ ಚೀಟಿಯವನು ರಾತ್ರೋರಾತ್ರಿ ಊರು ಬಿಡುವ ಭಯ.

ನಾನು ಕೆಲಸಕ್ಕೆ ಸೇರುವ ಕಾಲಕ್ಕೆ ಆಣೆ ಹೋಗಿ ರೂಪಾಯಿ ಬಂದಿತ್ತು, ಪದ್ಧತಿ ಮಾತ್ರ ಅದೇ. ನಮ್ಮ ಶಾಖೆಯ ಪಿಗ್ಮಿ ಕಲೆಕ್ಟರರೊಬ್ಬರು ಸೈಕಲ್ಲಿನ ಹ್ಯಾಂಡಲಿಗೆ ಖಾಕಿ ಚೀಲ ತೂಗಿಹಾಕಿಕೊಂಡು ಹೊರಟರೆಂದರೆ ಪೇಟೆಯ ಗಡಿಯಾರವೇ ಅವರ ತಲೆಯೊಳಗಿತ್ತು. ಮೀನಿನವರ ಬಳಿ ಬುಟ್ಟಿ ಖಾಲಿಯಾಗುವ ಹೊತ್ತಿಗೆ ಸರಿಯಾಗಿ ಹೋಗಬೇಕು, ತಡವಾದರೆ ಅವರು ಬಸ್ಸು ಹತ್ತಿರುತ್ತಾರೆ. ಟೈಲರನಲ್ಲಿಗೆ ಸಂಜೆ, ಹೊಲಿದ ಬಟ್ಟೆ ಒಯ್ಯಲು ಜನ ಬಂದು ಹೋದ ಮೇಲೆ. ಕ್ಷೌರದಂಗಡಿಗೆ ಭಾನುವಾರ ಮಧ್ಯಾಹ್ನ, ಮಂಗಳವಾರ ಅಲ್ಲಿ ಬೀಗ. ಬೋಣಿಯಾಗುವ ಮೊದಲು ಯಾರ ಎದುರೂ ಕೈ ಚಾಚಬಾರದು. ಕೊಟ್ಟದ್ದನ್ನು ಕಾರ್ಡಿನ ಆ ದಿನದ ಮನೆಯಲ್ಲಿ ಬರೆದು ಸಹಿ. ಇಲ್ಲವೆಂದರೆ ಮನೆ ಖಾಲಿ, ಗದರಿಕೆ ಇಲ್ಲ.

ಆ ಖಾಲಿ ಮನೆಗಳನ್ನು ಓದಲು ಬರಬೇಕು. ಟೈಲರ್ ಒಬ್ಬ ಹೊಲಿಗೆ ಮೆಷಿನಿಗೆ ಸಾಲ ಕೇಳಿ ಬಂದಿದ್ದ. ಆಸ್ತಿಪಾಸ್ತಿ ಏನೂ ಇಲ್ಲ. ನಾನು ಅನುಮಾನಿಸುತ್ತಿದ್ದಾಗ ಕಲೆಕ್ಟರ್ ಅವನ ಕಾರ್ಡನ್ನು ಮೇಜಿನ ಮೇಲಿಟ್ಟು ಜೂನ್, ಜುಲೈ, ಆಗಸ್ಟಿನ ಮೇಲೆ ಬೆರಳಾಡಿಸಿದರು. “ಮಳೆಗಾಲ ನೋಡಿ ಸರ್. ಹೊಲಿಸುವವರು ಯಾರು ಬರ್ತಾರೆ ಆ ಮಳೆಗೆ? ಆದ್ರೂ ಎರಡು ರೂಪಾಯಿ ಬಿಟ್ಟದ್ದಿಲ್ಲ. ಕೈ ಗಟ್ಟಿ ಉಂಟು, ಧೈರ್ಯದಲ್ಲಿ ಕೊಡಿ.” ಕೊಟ್ಟೆ. ಕಂತು ತಪ್ಪಲಿಲ್ಲ. ನಮ್ಮ ಕರಾವಳಿಯಲ್ಲಿ ವ್ಯಾಪಾರ ನಿಲ್ಲುತ್ತದೋ ಬೀಳುತ್ತದೋ ಎಂಬುದನ್ನು ತೀರ್ಮಾನಿಸುವುದು ಮಳೆಗಾಲ. ಟೈಪಿಂಗ್ ಅಂಗಡಿಯ ರಿಪೋರ್ಟುಗಳಲ್ಲಿ ಮಳೆ ಬಂದದ್ದನ್ನು ನಾನು ನೋಡಿಲ್ಲ.

ಈ ಪದ್ಧತಿಯ ಭಾರ ಹೊತ್ತವರು ಕಲೆಕ್ಟರರು. ಸಂಬಳವಿಲ್ಲ, ಕಮಿಷನ್ ಅಷ್ಟೇ. ಬಿಸಿಲಿಗೂ ಅವರೇ, ಮಳೆಗೂ ಅವರೇ. ಅವರನ್ನು ಕೆಲಸಗಾರರೆಂದು ಒಪ್ಪಲು ಬ್ಯಾಂಕುಗಳು ಸಿದ್ಧವಿರಲಿಲ್ಲ. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅವರು ಕೆಲಸಗಾರರೇ ಎಂಬ ತೀರ್ಪು ಬಂದದ್ದು 2001ರಲ್ಲಿ. ಬಹಳ ತಡವಾಯಿತು ಎಂದೇ ನನ್ನ ಅಭಿಪ್ರಾಯ.

ದುಡ್ಡು ಸಿಕ್ಕರೂ ಕೆಲಸ ಕಲಿಯುವುದೆಲ್ಲಿ ಎಂಬ ಪ್ರಶ್ನೆ ಉಳಿದೇ ಇತ್ತು. ಅದಕ್ಕೆ ಉತ್ತರವಾಗಿ 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಹುಟ್ಟಿತು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಜೊತೆ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಕೈಜೋಡಿಸಿದವು. ನಿರುದ್ಯೋಗಿ ಯುವಕ ಯುವತಿಯರಿಗೆ ಊಟ ವಸತಿ ಸಹಿತ ಉಚಿತ ತರಬೇತಿ. ಜಾತಿ ಕೇಳದ ಅಡುಗೆಮನೆ ಎನ್ನಬಹುದು. ಇಂಥ ತರಬೇತಿಯಲ್ಲಿ ಒಂದು ಆಟವಿದೆ. ನೆಲದಲ್ಲಿ ಒಂದು ಗೂಟ, ಕೈಯಲ್ಲಿ ಬಳೆಯಂಥ ರಿಂಗು. ಎಷ್ಟು ದೂರದಿಂದ ಎಸೆಯಬೇಕೆಂದು ನೀವೇ ಹೇಳಬೇಕು, ದೂರ ಹೆಚ್ಚಿದಷ್ಟೂ ಅಂಕ ಹೆಚ್ಚು. ಪಾಠ ಹೇಳಲು ಹೋದಾಗ ನಾನಿದನ್ನು ನೋಡಿದ್ದೇನೆ. ಮಾತಿನ ಮಲ್ಲರು ಗೋಡೆಗೆ ಬೆನ್ನು ಹಚ್ಚಿ ನಿಂತು ಎಸೆದು ಒಂದೂ ಬೀಳಿಸಲಾರರು. ಅಂಜುಬುರುಕರು ಗೂಟದ ಮೇಲೇ ಬಗ್ಗಿ ಹಾಕುತ್ತಾರೆ. ನಡುವೆ ನಿಂತು, ಮೊದಲ ರಿಂಗು ತಪ್ಪಿದ ಮೇಲೆ ಅರ್ಧ ಹೆಜ್ಜೆ ಮುಂದೆ ಬರುವವರು ಕೆಲವರು. ಆಮೇಲೆ ಅವರನ್ನೆಲ್ಲ ಪೇಟೆಗೆ ಕಳಿಸಿ, ಅಂಗಡಿ ಅಂಗಡಿಗೆ ಹೋಗಿ ದರ, ಗಿರಾಕಿ, ಪೈಪೋಟಿ ವಿಚಾರಿಸಿ ಬರಲು ಹೇಳುತ್ತಾರೆ. ರಿಪೋರ್ಟು ಬರೆಯಿಸುವುದು ಅದರ ನಂತರ, ಅವರ ಕೈಯಿಂದಲೇ. ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನು ಬಿಡುವುದಿಲ್ಲ. ಜಿಲ್ಲೆಗೊಂದರಂತೆ ದೇಶದ ಎಲ್ಲ ಕಡೆ ಈಗ ಇರುವ ಆರ್‌ಸೆಟಿ ಎಂಬ ತರಬೇತಿ ಸಂಸ್ಥೆಗಳಿಗೆ ಮಾದರಿ ಈ ಉಜಿರೆಯೇ.

2015ರಲ್ಲಿ ಬಂದ ಮುದ್ರಾ ಯೋಜನೆಯಲ್ಲಿ 50,000 ರೂಪಾಯಿವರೆಗಿನ ಶಿಶು ಸಾಲಕ್ಕೆ ಅಡಮಾನ ಬೇಡ. ಒಳ್ಳೆಯದೇ. ಮಳೆಗಾಲದ ಮೂರು ತಿಂಗಳ ಮೇಲೆ ಬೆರಳಾಡಿಸುವವರು ಬೇಕೇ ಬೇಕು, ಅಷ್ಟೇ.

ಆ ಐದು ಬ್ಯಾಂಕುಗಳಲ್ಲಿ ವಿಜಯಾ ಬ್ಯಾಂಕ್ 2019ರಲ್ಲಿ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ಕೆನರಾ ಮತ್ತು ಕರ್ಣಾಟಕ ಬ್ಯಾಂಕ್ ಉಳಿದಿವೆ. ದೊಡ್ಡವರ ಚರಿತ್ರೆ ಪುಸ್ತಕಗಳಲ್ಲಿ ಸೇರಿಯಾಗಿದೆ. ಟೈಲರನ, ಮೀನಿನವಳ, ಬೀಡಿ ಕಟ್ಟುವವಳ ಚರಿತ್ರೆ ಇರುವುದು ಹಳೆಯ ಪಿಗ್ಮಿ ಕಾರ್ಡುಗಳಲ್ಲಿ, ಹೋಟೆಲಿನ ಜಮಾಖರ್ಚು ಪುಸ್ತಕಗಳಲ್ಲಿ, ಉದ್ರಿ ಬರೆದಿಟ್ಟ ನೋಟುಬುಕ್ಕುಗಳಲ್ಲಿ. ನಿಮ್ಮ ಮನೆಯ ಅಟ್ಟದಲ್ಲಿ ಅಂಥದ್ದಿದ್ದರೆ ದಯವಿಟ್ಟು ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೆ ಕೊಡಿ, ಕೊಡುವ ಮುನ್ನ ಯಾರ ಕಾರ್ಡು, ಯಾವ ಅಂಗಡಿ, ಯಾವ ಊರು ಎಂದು ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿಡಿ.